ಮಣ್ಣಿನಿಂದ ಮರಳಿದ ಇಷ್ಟಲಿಂಗ

ಮಲ್ಕಾಜ್‌ಗಿರಿಯ ಗಿರಿಜಾಬಾಯಿ ಯಾರಿಗೂ ಹೆದರಿದವರಲ್ಲ. ಹುಮನಾಬಾದಿನಿಂದ ಮದುವೆಯಾಗಿ ಬಂದ ಹೊಸದರಲ್ಲೇ ಅರ್ಧಂಬರ್ಧ ಹಿಂದಿಯಲ್ಲಿ ಸುಲ್ತಾನ್ ಬಜಾರಿನ ಸೀರೆ ಅಂಗಡಿಯವರಿಗೆ ಬೆವರಿಳಿಸಿದ ಹೆಂಗಸು. ಹೆದರಿಕೆ ಹುಟ್ಟಿದ್ದು ಗಂಡ ಅಮರೇಶಪ್ಪ ತೀರಿಕೊಂಡ ಮೇಲೆ, ಅದೂ ಪೂಜೆಗೆ ಕೂತಾಗ.

ಲಿಂಗಾಯತರು ಹೆಣವನ್ನು ಸುಡುವುದಿಲ್ಲ. ಕೂರಿಸಿ, ಬದುಕಿದ್ದಾಗ ಪೂಜಿಸಿದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಮಣ್ಣು ಕೊಡುತ್ತಾರೆ. ಗಂಡಹೆಂಡಿರ ಲಿಂಗಗಳು ಒಂದೇ ಬಗೆಯ ಬೆಳ್ಳಿ ಕರಡಿಗೆಗಳಲ್ಲಿ ದೇವರ ಜಗಲಿಯ ಮೇಲಿದ್ದವು. ಅವತ್ತಿನ ಅಳುವಿನ ಗದ್ದಲದಲ್ಲಿ ಯಾರೋ ಹೆಂಡತಿಯದನ್ನೇ ಎತ್ತಿಕೊಟ್ಟರು. ಮರುದಿನ ಪೂಜೆಗೆ ಕೂತ ಗಿರಿಜಾಬಾಯಿಗೆ ಅಂಗೈಯ ಲಿಂಗದಲ್ಲಿ ಹೆಬ್ಬೆರಳಿಗೆ ರೂಢಿಯಾದ ಸಣ್ಣ ತಗ್ಗು ಸಿಗಲಿಲ್ಲ. ತನ್ನ ಪ್ರಾಣವೇ ಆದ ಲಿಂಗ ಗಂಡನ ಜೊತೆ ಮಣ್ಣಿನೊಳಗೆ! ಲಿಂಗ ಕಳಕೊಂಡವರು ಬದುಕಿದ್ದೂ ಸತ್ತಂತೆ ಎಂದು ನಂಬಿದವರು, ಯಾರ ಮುಂದೆ ಹೇಳಿಯಾರು? ಬಾಯಿ ಹೊಲಿದುಕೊಂಡು ಗಂಡನದನ್ನೇ ಪೂಜಿಸಿದರು.

ಕಣ್ಣು ಮುಚ್ಚಿದರೆ ಸಾಕು, ಹಸಿ ಮಣ್ಣಿನ ವಾಸನೆ. ಕತ್ತಲಲ್ಲಿ ಪಕ್ಕದಲ್ಲೇ ಯಾರೋ ಕೂತು ಉಸಿರಾಡುವ ಸದ್ದು.

"ಸತ್ತ ಮ್ಯಾಲೂ ಏನ್ರೀ ನಿಮ್ಮ ಕಾಟ!" ಎಂದು ಬೈಯುತ್ತಿದ್ದರು.

ವರ್ಷಗಳು ಕಳೆದವು. ರಸ್ತೆ ಅಗಲ ಮಾಡಲು ರುದ್ರಭೂಮಿಯ ಅಂಚಿನ ಸಮಾಧಿಗಳನ್ನು ಅಗೆದು ಊರಾಚೆ ಸಾಗಿಸಬೇಕಾಯಿತು.

"ಅವ್ವಾ, ನೀ ಬರಬ್ಯಾಡ. ನೋಡಾಕ ಆಗೂದಿಲ್ಲ," ಎಂದ ಮಗ ಸೂರ್ಯಕಾಂತ.

"ನನ್ನ ಗಂಡನ್ನ ಎಬ್ಬಸಾಕತ್ತಾರ, ನಾನ ಬರಬ್ಯಾಡೇನು?" ಎಂದು ಗಂಡನ ಲಿಂಗವನ್ನು ಸೆರಗಿಗೆ ಕಟ್ಟಿಕೊಂಡು ಆಟೋ ಹತ್ತಿಯೇಬಿಟ್ಟರು. ಲಿಂಗ ಮರಳಿ ಸಿಕ್ಕರೆ ಈ ಕತ್ತಲು ಕಳೆದೀತು ಎಂಬುದೊಂದೇ ಆಸೆ.

ಅಗೆಯುತ್ತಿದ್ದವನು ಗುದ್ದಲಿ ಬಿಟ್ಟು ಹಿಂದೆ ಸರಿದ. ಇಷ್ಟು ವರ್ಷಕ್ಕೆ ಎಲುಬು ಕುಸಿದು ರಾಶಿಯಾಗಿರಬೇಕಿತ್ತು. ಅಮರೇಶಪ್ಪ ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದರು. ಎಡಗೈಯ ಎಲುಬುಗಳ ನಡುವೆ ಲಿಂಗ, ಅದರ ಮೇಲೆ ಮೂರು ಬೆರಳಿನ ವಿಭೂತಿ, ಇನ್ನೂ ಹಸಿ. ಮಂತ್ರ ಹೇಳುತ್ತಿದ್ದ ಜಂಗಮರು ಅರ್ಧಕ್ಕೇ ಬಿಟ್ಟು ಕೈ ಮುಗಿದರು.

ಗಿರಿಜಾಬಾಯಿ ಗುಂಡಿಗಿಳಿದರು.

"ಅದಲಬದಲ ಆಗಿತ್ರಿ. ನಿಮ್ಮದು ನೀವ್ ತಗೋರಿ, ನನ್ನದು ನನಗ ಕೊಡ್ರಿ."

ಬೆರಳೆಲುಬುಗಳು ಸಡಿಲಿದವು. ಅವರವರದು ಅವರವರಿಗೆ ಸೇರಿದ್ದೇ ತಡ, ಕೂತಿದ್ದ ಎಲುಬುಗಳೆಲ್ಲ ಮೆಲ್ಲಗೆ ಕುಸಿದವು.

ಹೊಸ ಜಾಗದಲ್ಲಿ ಮಣ್ಣು ಮಾಡಿ ಬಂದು, ಮಿಂದು, ಸಂಜೆ ಪೂಜೆಗೆ ಕೂತರು. ಹೆಬ್ಬೆರಳಿಗೆ ತಗ್ಗು ಸಿಕ್ಕಿತು. ಕಣ್ಣು ಮುಚ್ಚಿದರು. ಮಣ್ಣಿನ ವಾಸನೆ ಇಲ್ಲ, ಉಸಿರಿನ ಸದ್ದೂ ಇಲ್ಲ. ಇಷ್ಟು ದಿನ ಬೇಡಿಕೊಂಡಿದ್ದು ಇದನ್ನೇ.

ಸ್ವಲ್ಪ ಹೊತ್ತು ಕಾದರು. "ರೀ," ಎಂದು ಕರೆದರು. ಇನ್ನೊಮ್ಮೆ ಕರೆದರು. ಆಮೇಲೆ ಗಂಡ ಸತ್ತ ದಿನವೂ ಅಳದಷ್ಟು ಅತ್ತರು.