ಯಮನಿಲ್ಲದ ಕೋಣ

ನಂದಿಯ ಚಿತ್ರಕ್ಕೆ ಗೋಡೆಯ ಮೇಲೆ ಜಾಗ ಕೊಡುವ ನೀವು, ಯಮನ ಕೋಣಕ್ಕೂ ಅದರ ಪಕ್ಕದಲ್ಲೇ ಒಂದು ಮೊಳೆ ಹೊಡೆಯುವಿರಾ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರ, ವಿರೋಧ ಎರಡನ್ನೂ ವಾದಿಸಿ ಬಹುಮಾನ ಪಡೆದವನು ನಾನು. ಆದರೂ ಕಳೆದ ತಿಂಗಳು ಈ ಪ್ರಶ್ನೆ ಎದುರಾದಾಗ ತಪ್ಪು ಪಕ್ಷದಲ್ಲಿ ನಿಂತೆ.

ಶಹಾಬಾದಿನಲ್ಲಿ ನನಗೆ ಅಕ್ಕನಂತಿರುವ ಒಬ್ಬ ಕಲಾವಿದೆ ಇದ್ದಾರೆ. ನೆಲಕ್ಕೆ ಹಾಸುವ ಫರಸಿ ಕಲ್ಲಿನಲ್ಲಿ ಅಂಚು ಮುರಿದು, ಯಾರಿಗೂ ಬೇಡವಾಗಿ ಉಳಿದ ತುಂಡುಗಳ ಮೇಲೆ ಅವರು ಪುರಾಣದ ಪ್ರಾಣಿಗಳನ್ನು ಬರೆಯುತ್ತಾರೆ. ಯಾವ ಚಿತ್ರದಲ್ಲಿಯೂ ದೇವರಿಲ್ಲ. ದೇವರು ಇಳಿದು ಒಳಗೆ ಹೋಗಿರುವಾಗ ಹೊರಗೆ ಕಾಯುತ್ತಿರುವ ವಾಹನಗಳು ಮಾತ್ರ: ಆಕಳಿಸುವ ನಂದಿ, ಮೀಸೆ ತಿಕ್ಕಿಕೊಳ್ಳುವ ಇಲಿ, ಒಂದು ಕಾಲೆತ್ತಿ ನಿಂತ ನವಿಲು, ಮತ್ತು ಯಮನ ಕೋಣ. ಇವುಗಳ ಪ್ರದರ್ಶನವನ್ನು ಸೇಡಂನಿಂದ ಆರಂಭಿಸಿ ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಿಗೆ ಒಯ್ಯುವ ಹೊಣೆಯನ್ನು ನಾನು ಹೊತ್ತಿದ್ದೇನೆ. ಕಲೆ ದೊಡ್ಡ ನಗರಗಳ ಸ್ವತ್ತಲ್ಲ ಎಂಬುದು ನನ್ನ ನಂಬಿಕೆ.

ಹೊರಡುವ ಮುನ್ನ ಒಮ್ಮೆ ಒಟ್ಟಿಗೆ ನೋಡೋಣವೆಂದು ಚಿತ್ರಗಳನ್ನೆಲ್ಲ ಅವರ ಅಂಗಳದ ಗೋಡೆಗೆ ಆನಿಸಿಟ್ಟೆವು. ಓಣಿಯ ಹೆಂಗಸರು ಬಂದರು. ನಾವು ಒಳಗೆ ಚಹಾ ಕುಡಿದು ಹೊರಬರುವಷ್ಟರಲ್ಲಿ ನಂದಿಯ ಹಣೆಗೆ ಕುಂಕುಮ ಬಿದ್ದಿತ್ತು. ಇಲಿಯ ಮುಂದೆ ಚಿಟಿಕೆ ಸಕ್ಕರೆ. ಕೋಣವನ್ನು ಮಾತ್ರ ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಿದ್ದರು.

"ಸಿಟ್ಟಾಗಬ್ಯಾಡ್ರಿ ಅಕ್ಕಾ," ಎಂದರು ಪಕ್ಕದ ಮನೆಯಾಕೆ. "ನಮ್ಮ ಅತ್ತಿ ಈಗ ಬರ್ತಾಳ. ಇದನ್ನ ನೋಡಿದಳಂದ್ರ, ಯಮನ್ನ ನಾನೇ ಕರಸೀನಿ ಅಂತ ಜಗಳಾ ತಗೀತಾಳ!"

ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಅದೇ ಹೊತ್ತಿಗೆ, ನಾನು ಕಳಿಸಿದ್ದ ಚಿತ್ರಗಳ ಪಟ್ಟಿ ನೋಡಿ, ಸೇಡಂನ ಸಭಾಭವನ ನೋಡಿಕೊಳ್ಳುವ ಹಿರಿಯರು ಫೋನ್ ಮಾಡಿದರು. "ಕ್ವಾಣದ್ದೊಂದು ಬಿಟ್ಟು ಬರ್ರಿ ಸರ. ನಿಮ್ಮದು ಮುಗದ ಮರುದಿನಾನೇ ಇಲ್ಲಿ ಲಗ್ನ ಅದ."

ಸಣ್ಣ ಅಂಶವೊಂದನ್ನು ಬಿಟ್ಟುಕೊಟ್ಟು ದೊಡ್ಡ ವಾದವನ್ನು ಗೆಲ್ಲುವುದು ನನಗೆ ರೂಢಿಯಾದ ತಂತ್ರ. "ಒಂದ್ ಬಿಟ್ರ ಉಳದಿದ್ದೆಲ್ಲಾ ಮಂದಿ ನೋಡ್ತಾರಲ್ಲ, ಅಕ್ಕಾ," ಎಂದೆ.

ಅವರು ಹಳೆಯ ಸೀರೆಯಲ್ಲಿ ನಂದಿಯನ್ನು ಸುತ್ತತೊಡಗಿದರು. ಆಮೇಲೆ ಇಲಿ. ಆಮೇಲೆ ನವಿಲು.

"ಏನ್ ಮಾಡ್ಲಿಕತ್ತೀರಿ?"

"ಒಳಗ ಇಡ್ಲಿಕತ್ತೀನಿ. ಅದಿಲ್ಲಂದ್ರ ಯಾವೂ ಬ್ಯಾಡ, ತಮ್ಮಾ."

ಕೋಣವನ್ನು ಈಚೆ ತಿರುಗಿಸಿ, ನನ್ನ ಕೈ ಹಿಡಿದು ಅದರ ಹೆಗಲ ಮೇಲಿಟ್ಟರು. ಉಳಿದ ಕಲ್ಲೆಲ್ಲ ನುಣುಪು. ಅಲ್ಲಿ ಮಾತ್ರ ಪಾಲಿಶ್ ಮಾಡದೆ ಒರಟಾಗಿ ಬಿಟ್ಟಿದ್ದರು. ನೊಗ ಹೊತ್ತು ಜಡ್ಡುಗಟ್ಟಿದ ಹೆಗಲು ಅದು.

"ನಮ್ಮಪ್ಪನ ಬಂಡಿ ಕ್ವಾಣ ಇದು. ಖಣಿಯಿಂದ ಟೇಸನ್ ತನಾ ಫರಸಿ ಎಳೀತಿತ್ತು. ಅಪ್ಪ ಸತ್ತ ದಿನಾನೂ ಬಾಗಲಾಗ ಹಿಂಗೇ ನಿಂತಿತ್ತು, ಯಾವಾಗ ಹೊರಗ ಬರ್ತಾನಂತ. ಒಳಗ ಯಾರು ಬಂದು ಹೋದ್ರು ಅಂಬೋದು ಅದಕ್ಕೇನ್ ಗೊತ್ತು, ಪಾಪ?"

ಮೂಢನಂಬಿಕೆಯ ವಿರುದ್ಧ ನಾನು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದ್ದೇನೆ. ಆ ಅಂಗಳದಲ್ಲಿ, ಒಂದು ಫೋನಿಗೆ ಅಂಜಿ, ಅದರ ಪರವಾಗಿ ವಾದಿಸಿದವನು ನಾನೇ ಆಗಿದ್ದೆ.

ಸೇಡಂಗೆ ಮರಳಿ ಫೋನ್ ಮಾಡಿದೆ. ತರ್ಕ ಹೂಡಲಿಲ್ಲ, ಒರಟು ಹೆಗಲಿನ ವಿಷಯವನ್ನೂ ಅಕ್ಕ ಹೇಳಿದ್ದನ್ನೂ ಹಾಗೆಯೇ ತಿಳಿಸಿದೆ.

"ಹೆಗಲು ಖರೇನೇ ಒರಟು ಬಿಟ್ಟಾರೇನ್ರಿ?" ಎಂದು ಕೇಳಿದರು ಆ ಹಿರಿಯರು.

"ಹೌದ್ರಿ."

"ಬಾಗಲಿಗಿ ಎದ್ರಿಗಿ ಬ್ಯಾಡ. ಒಳಗ ಖಿಡಕಿ ಬಾಜೂಕ ಇಡ್ರಿ. ಲಗ್ನದೋರಿಗಿ ನಾ ಹೇಳ್ತೀನಿ."

ಅಕ್ಕ ಸುತ್ತಿಟ್ಟಿದ್ದ ಸೀರೆಗಳನ್ನು ಬಿಚ್ಚಲಿಲ್ಲ. ಪ್ರಯಾಣಕ್ಕೆ ಹೇಗೂ ಬೇಕಲ್ಲ ಎಂದು, ಕೋಣಕ್ಕಾಗಿ ಒಳಗಿನಿಂದ ದಪ್ಪನೆಯ ಇಳಕಲ್ ಸೀರೆಯೊಂದನ್ನು ತಂದರು.

ಚಿತ್ತಾಪುರ, ವಾಡಿ, ಶಹಾಬಾದುಗಳಲ್ಲಿ ಜಾಗ ದೊರೆತಿದೆ. ಚಿಂಚೋಳಿಯಲ್ಲಿ ಮಾತ್ರ ಇನ್ನೂ ಇಲ್ಲ. ಕೋಣದ ಮಾತೆತ್ತಿದೊಡನೆ ಅಲ್ಲಿನ ಕೋಣೆಗಳೆಲ್ಲ ಭರ್ತಿಯಾಗಿಬಿಡುತ್ತವೆ. ಹಾಗಾಗಿ ಚಿಂಚೋಳಿಯ ಓದುಗರಲ್ಲಿ ನನ್ನ ವಿನಂತಿ ಇಷ್ಟೇ: ಗಟ್ಟಿ ನೆಲದ ಒಂದು ಪಡಸಾಲೆಯನ್ನು ಎರಡು ದಿನಗಳ ಮಟ್ಟಿಗೆ ನಮಗೆ ಕೊಡಿ. ಉಳಿದ ಊರಿನವರು ದಯವಿಟ್ಟು ಬಂದು ಚಿತ್ರಗಳನ್ನು ನೋಡಿ.