ನಿಂತ ಲಾರಿಯ ಗಳಿಕೆ

ನನಗೆ ಸಿಟ್ಟು ಬೇಗ ಬರುತ್ತದೆ. ಲಕ್ಷ್ಮೇಶ್ವರದ ಬಜಾರಿಗೆಲ್ಲ ಇದು ಗೊತ್ತು, ಆದರೂ ಜನ ಲೆಕ್ಕ ಬರೆಸಲು ನನ್ನ ಹತ್ತಿರವೇ ಬರುತ್ತಾರೆ. ಬೀಜದಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ಆಫೀಸು. 'ಶಿವರಂಜನಿ, ತೆರಿಗೆ ಸಲಹೆಗಾರರು' ಎಂದು ಬೋರ್ಡಿದೆ. ನನ್ನ ಸಲಹೆ ಕೇಳಿ, ದುಡ್ಡು ಕೊಟ್ಟು, ಕೆಳಗಿಳಿದು ಅದರ ತದ್ವಿರುದ್ಧ ಮಾಡುವ ಗಿರಾಕಿಗಳು ಬಹಳ. ಅವರಲ್ಲೆಲ್ಲ ಮೊದಲ ನಂಬರು ಬೆಳ್ಳಟ್ಟಿಯ ದಸ್ತಗೀರಸಾಬನದು.

ಮೀಸೆ ಮೂಡುವ ಮೊದಲೇ ಸ್ಟೀರಿಂಗ್ ಹಿಡಿದ ಮನುಷ್ಯ. ಗದಗ-ಬೆಟಗೇರಿಯ ಅಡತಿ ಅಂಗಡಿ ಮಾಲಕರ ಉಳ್ಳಾಗಡ್ಡಿ, ಮೆಣಸಿನಕಾಯಿ ಹೇರಿಕೊಂಡು ಜೀವನವಿಡೀ ಕಂಡವರ ಲಾರಿ ಓಡಿಸಿದ. ಐವತ್ತರ ಹತ್ತಿರ ಬಂದಾಗ ಸ್ವಂತಕ್ಕೆ ಒಂದು ಹಳೆಯ ಮಿನಿಲಾರಿ ಕೊಂಡ. ಅದಕ್ಕಾಗಿ ಹೆಂಡತಿ ರೋಶನಬಿ ತವರಿನವರು ಹಾಕಿದ್ದ ಬಂಗಾರದ ಬಳೆಗಳನ್ನು ಬಿಚ್ಚಿ ಕೊಟ್ಟಳು. ಕೊಡುವಾಗ ಒಂದೇ ಮಾತು ಹೇಳಿದಳಂತೆ: "ಗಾಡಿ ದುಡದ ಮ್ಯಾಲೆ ಮೊದಲ ಇವು ತಿರುಗಿ ಬರಬೇಕು." ಇವನು ಅಲ್ಲಾನ ಆಣೆ ಮಾಡಿ ಹೂಂ ಅಂದ.

ಲಾರಿ ಕೊಂಡ ವಾರವೇ ನನ್ನ ಹತ್ತಿರ ಬಂದಿದ್ದ. ನಾನು ಬಿಡಿಸಿ ಬಿಡಿಸಿ ಹೇಳಿದೆ. ಲಾರಿಗೆ ಬೇರೆ ಬ್ಯಾಂಕ್ ಖಾತೆ ತೆಗೆಯಿರಿ, ಮನೆಯ ದುಡ್ಡು ಲಾರಿಯ ದುಡ್ಡು ಒಂದೇ ಕಿಸೆಗೆ ಹಾಕಬೇಡಿ, ಡೀಸೆಲ್ಲು ಟೈರು ವಿಮೆ ಎಲ್ಲದಕ್ಕೂ ರಸೀದಿ ಇಡಿ, ಬಂದ ಬಾಡಿಗೆಯನ್ನು ಅವತ್ತವತ್ತೇ ಬರೆಯಿರಿ ಎಂದೆ.

"ಬರಿಯೂದು ಬಿಡ್ರಿ ಅಕ್ಕಾರ, ಬಾಡಿಗಿ ಕೇಳೂದು ಹ್ಯಾಂಗ ಅಂತ ಹೇಳ್ರಿ," ಅಂದ.

"ಬಾಯಿ ತಗದು ಕೇಳ್ರಿ!"

"ಯಾರನ್ನ ಕೇಳ್ಲಿ? ಬೆಳ್ಳಟ್ಟಿಯಾಗ ಎಲ್ಲಾರೂ ಕಾಕಾ ಇಲ್ಲಾ ಮಾಮಾ. ಕಾಕಾನ ಮುಂದ ಕೈ ಚಾಚಿ ರೊಕ್ಕ ಕೇಳಿದ್ರ ನಾಳೆ ಯಾವ ಮಾರಿ ಇಟ್ಕೊಂಡು ಅವರ ಮನಿ ಮುಂದ ಹಾಯ್ಲಿ?"

ಅದು ಹಾಗೆಯೇ ಆಯಿತು. ನಮ್ಮ ಕಡೆ ಬಳಗದ ಗಾಡಿಗೆ ಬಾಡಿಗೆ ಕೊಡುವ ಪದ್ಧತಿಯಿಲ್ಲ. ಡೀಸೆಲ್ ಹಾಕಿಸಿ, ಇಳಿಯುವಾಗ ಏನಾದರೊಂದು ಕೈಗಿಡುತ್ತಾರೆ. ದಸ್ತಗೀರಸಾಬನಿಗೆ ಊರೆಲ್ಲ ಬಳಗವೇ. ಪಕ್ಕದ ಮನೆಯ ನೀಲಪ್ಪ ಶಿರಹಟ್ಟಿಗೆ ಗೋವಿನಜೋಳ ಸಾಗಿಸಿ ಒಂದು ಕುಂಬಳಕಾಯಿ ಕೊಟ್ಟ. ಇನ್ನೊಬ್ಬ ಮಗಳ ಮದುವೆಯ ದಿಬ್ಬಣ ಹೇರಿಸಿ ಹುಂಜ ಕೊಟ್ಟ. ಮತ್ತೊಬ್ಬ ಕುರ್ತಕೋಟಿಗೆ ಹೊಟ್ಟು ಒಯ್ದು, ಬರುವಾಗ ಇವನಿಗೆ ಬರೀ ಆಶೀರ್ವಾದ ಮಾಡಿದ. ಲಾರಿ ಹಗಲೆಲ್ಲ ಓಡುತ್ತಿತ್ತು, ಮನೆಯಲ್ಲಿ ಕುಂಬಳಕಾಯಿ ರಾಶಿಯಾಗುತ್ತಿದ್ದವು.

ಹೀಗೆ ಓಡೋಡಿ ಇಂಜಿನ್ ಕೆಟ್ಟು ಕೂತಿತು. ಅದನ್ನು ಬಿಚ್ಚಿ ಮುಂಡರಗಿಯ ಮೇಸ್ತ್ರಿಯ ಹತ್ತಿರ ಒಯ್ದಿಟ್ಟರು. ಉಳಿದ ಲಾರಿ ಮನೆಯ ಮುಂದೆಯೇ ನಿಂತಿತು. ಅದರ ಟಾಪಿನ ಮೇಲೆ ರೋಶನಬಿ ಮೆಣಸಿನಕಾಯಿ ಒಣಹಾಕಿದಳು, ಕ್ಯಾಬಿನ್ನಿನಲ್ಲಿ ಕೋಳಿಗಳು ಸಂಸಾರ ಹೂಡಿದವು. ಸಾಬ ಮಾತ್ರ ಬಸ್ಸು ಹತ್ತಿ ಮೇಲಿಂದ ಮೇಲೆ ಮುಂಡರಗಿಗೆ ಹೋಗಿ ಇಂಜಿನ್ನಿನ ಯೋಗಕ್ಷೇಮ ವಿಚಾರಿಸಿ ಬರುತ್ತಿದ್ದ.

ವರ್ಷ ಮುಗಿದ ಮೇಲೆ, ಇಂಜಿನ್ ರಿಪೇರಿಗೆ ಸಾಲ ಕೊಡಲು ಬ್ಯಾಂಕಿನವರು ಆದಾಯ ತೆರಿಗೆಯ ರಿಟರ್ನ್ ಕೇಳಿದರೆಂದು ಮತ್ತೆ ಬಂದ. ರಸೀದಿ ಒಂದೂ ಇಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಹತ್ತರೊಳಗೆ ಲಾರಿ ಇದ್ದವರಿಗೆ ಕಾಯ್ದೆಯಲ್ಲಿ ಒಂದು ಸುಲಭದ ದಾರಿ ಇದೆ. ಲೆಕ್ಕಪುಸ್ತಕವೂ ಬೇಡ, ರಸೀದಿಯೂ ಬೇಡ; ಇಂಥ ಸಣ್ಣ ಲಾರಿ ತಿಂಗಳಿಗೆ ಏಳೂವರೆ ಸಾವಿರ ಗಳಿಸಿತು ಎಂದು ಸರ್ಕಾರವೇ ಅಂದಾಜು ಹಿಡಿಯುತ್ತದೆ. ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಅದಕ್ಕಿಂತ ಕಡಿಮೆ ಎನ್ನಬೇಕಾದರೆ ಪುಸ್ತಕ ಇಟ್ಟು ಆಡಿಟ್ ಮಾಡಿಸಬೇಕು. ಇವನ ಪುಸ್ತಕದಲ್ಲಿ ಕುಂಬಳಕಾಯಿ ಬಿಟ್ಟರೆ ಇನ್ನೇನು ಬರೆಯುವುದು?

"ಇಂಜಿನ್ ಇಲ್ದನೂ ದುಡದೈತೇನ್ರಿ?" ಕಣ್ಣರಳಿಸಿ ಕೇಳಿದ.

"ಕಾಯ್ದೆ ಪ್ರಕಾರ ದುಡದೈತಿ."

"ಒಳಗ ಕೋಳಿ ತತ್ತಿ ಇಟ್ಟಾವ್ರಿ. ಅವು ಬ್ಯಾರೆನೋ, ಇದರಾಗ ಬಂದೂವೋ?"

"ಸಾಬರ, ಸುಮ್ನ ಸಹಿ ಮಾಡ್ರಿ!"

ವರ್ಷದ ಗಳಿಕೆ ತೊಂಬತ್ತು ಸಾವಿರ, ಕಟ್ಟಬೇಕಾದ ತೆರಿಗೆ ಸೊನ್ನೆ. ಆ ಕಾಗದ ನೋಡಿ ಅವನ ಕಣ್ಣು ತೇವವಾದವು. ತನ್ನ ಹೆಸರಿನ ಮುಂದೆ ಗಳಿಕೆ ಎಂದು ಬರೆದದ್ದನ್ನು ಅವನು ಜನ್ಮದಲ್ಲಿ ಮೊದಲ ಸಲ ನೋಡಿದ್ದು. ಬ್ಯಾಂಕಿಗೆ ಒಂದು ಪ್ರತಿ ಕೊಟ್ಟು, ಇನ್ನೊಂದಕ್ಕೆ ಗಾಜಿನ ಕಟ್ಟು ಹಾಕಿಸಿ, ಮನೆಯ ಪಡಸಾಲೆಯಲ್ಲಿ ಮೊಳೆ ಹೊಡೆದು ತೂಗುಹಾಕಿದ. ಇಂಥ ಹುಚ್ಚನ್ನು ನಾನು ಎಲ್ಲೂ ಕಂಡಿಲ್ಲ.

ಶಿರಹಟ್ಟಿಯ ಕಾಲೇಜಿಗೆ ಹೋಗುವ ಮಗಳು ಕೌಸರ ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು. ಗಳಿಕೆ ತೊಂಬತ್ತು ಸಾವಿರ. ರೋಶನಬಿ ತನ್ನ ಬರಿಗೈ ನೋಡಿಕೊಂಡಳು. ಆ ದುಡ್ಡೆಲ್ಲಿ? ಗಂಡ ಯಾಕೆ ಅಷ್ಟು ಸಲ ಮುಂಡರಗಿಗೆ ಹೋಗುತ್ತಾನೆ? ಮುಂಡರಗಿಯಲ್ಲಿ ಅವನ ತಂಗಿ ಅಮೀರಾ ಇದ್ದಾಳೆ. ಅಲ್ಲಿಗೆ ಲೆಕ್ಕ ಕೂಡಿಬಿಟ್ಟಿತು: ತಂಗಿಗೆ ಮನೆ ಕಟ್ಟಿಸಿಕೊಡುತ್ತಿದ್ದಾನೆ! ಅವತ್ತೇ ಗಂಡನ ಹಾಸಿಗೆ ಹೊರಗೆ ಬಂತು. ಕೋಳಿಗಳನ್ನು ಅತ್ತಿತ್ತ ಸರಿಸಿ ಅವನು ಕ್ಯಾಬಿನ್ನಿನಲ್ಲಿ ಮಲಗತೊಡಗಿದ.

ಇಲ್ಲದ ಆ ಮನೆಯನ್ನು ಊರವರು ಕಟ್ಟಿ ಮುಗಿಸಿದರು. ಒಬ್ಬ ಅದರ ಬುನಾದಿ ನೋಡಿ ಬಂದಿದ್ದ. ಇನ್ನೊಬ್ಬಳು ಬಣ್ಣ ಹಸಿರು ಎಂದಳು. ನೀಲಪ್ಪ ಮಾತ್ರ ಕೈ ಬಿಚ್ಚಿ ಕಟ್ಟಿದ: ಮೇಲೊಂದು ಮಹಡಿ, ಅದಕ್ಕೆ ಕಬ್ಬಿಣದ ಏಣಿ, ಹಿಂದೊಂದು ಬೋರು.

ಗಾಜಿನ ಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ರೋಶನಬಿ ನನ್ನ ಆಫೀಸಿಗೆ ಬಂದಳು. ಮೇಜಿನ ಮೇಲೆ ಅದನ್ನು ಧಡ್ಡೆಂದು ಇಟ್ಟಳು.

"ಅಕ್ಕಾರ, ಇದು ಖರೆ ಏನ್ರಿ?"

"ಖರೆ ಐತ್ರಿ."

"ಹಂಗಾರ ರೊಕ್ಕ ಎಲ್ಲಿ?"

"ರೊಕ್ಕ ಇಲ್ರಿ. ಅದು ಸರ್ಕಾರದ ಅಂದಾಜು."

"ನಮ್ಮ ಗಾಡಿ ಮ್ಯಾಲೆ ಸರ್ಕಾರ ಯಾಕ ಸುಳ್ಳ ಹೇಳತೈತಿ? ಸರ್ಕಾರಕ್ಕೇನು ನನ್ನ ಮ್ಯಾಲೆ ಹಗಿ ಐತೇನು?"

ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ತೊಂಬತ್ತು ಸಾವಿರಕ್ಕೆ ಈಗಿನ ಕಾಲದಲ್ಲಿ ದನದ ಕೊಟ್ಟಿಗೆಯೂ ಏಳುವುದಿಲ್ಲ, ಮಹಡಿ ಮನೆ ಎಲ್ಲಿಂದ ಬರುತ್ತದೆ ಎಂದೆ. "ನೀಲಪ್ಪನವರು ಏಣಿ ನೋಡ್ಯಾರ್ರಿ," ಅಂದಳು. ಅಷ್ಟಾದ ಮೇಲೆ ನನ್ನ ತಲೆ ತಿರುಗಿತು. ಆಫೀಸಿಗೆ ಬೀಗ ಜಡಿದು, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೆಳ್ಳಟ್ಟಿಗೆ ಹೊರಟೆ. ದಾರಿಯುದ್ದಕ್ಕೂ ಗಾಜಿನ ಕಟ್ಟು ನನ್ನ ಬೆನ್ನಿಗೆ ಚುಚ್ಚುತ್ತಿತ್ತು.

ಮನೆಯ ಕಟ್ಟೆಯ ಮೇಲೆ ಜನ ಸೇರಿದ್ದರು. ಸಾಂತ್ವನ ಹೇಳಲು ಬಂದವರು ಚಹಾ ಕುಡಿಯುತ್ತಿದ್ದರು. ದಸ್ತಗೀರಸಾಬ ಲಾರಿಯ ಚಕ್ರಕ್ಕೆ ಒರಗಿ ನೆಲ ನೋಡುತ್ತ ಕುಳಿತಿದ್ದ.

"ನೀಲಪ್ಪನವರ," ಎಂದೆ, "ಮುಂಡರಗಿ ಮನಿ ಆಮ್ಯಾಲೆ ನೋಡೂಣು. ಈ ಲಾರ್ಯಾಗ ನೀವು ಎಷ್ಟ ಸಲ ಮಾಲು ಒಯ್ದೀರಿ?"

"ಅಯ್ಯ, ಅದನ್ನ ಯಾರು ಎಣಸ್ಯಾರ್ರೀ? ದಸ್ತಗೀರ ನಮ್ಮ ಹುಡುಗ!"

"ಬಾಡಿಗಿ ಏನ ಕೊಟ್ರಿ?"

"ಕುಂಬಳಕಾಯಿ ಕೊಟ್ಟೀನಲ್ಲ," ಎಂದ ನೀಲಪ್ಪ, ಎದೆಯುಬ್ಬಿಸಿ. "ಸಣ್ಣದಲ್ಲ, ಇಷ್ಟ ದೊಡ್ಡದು!"

ನಾನು ಯಾರನ್ನು ಕೇಳಿದರೂ ಹಾಗೆಯೇ ಹೆಮ್ಮೆಯಿಂದ ಒಪ್ಪಿಕೊಂಡರು. ಹುಂಜ, ಶೇಂಗಾ, ಉಳ್ಳಾಗಡ್ಡಿ, ಆಶೀರ್ವಾದ. ರೋಶನಬಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ಮುಂಡರಗಿಯ ಮನೆ ಅವಳ ಕಣ್ಣೆದುರೇ ಕುಸಿಯಿತು. ಇನ್ನು ಸಮಾಧಾನವಾಗುತ್ತಾಳೆ ಅಂದುಕೊಂಡರೆ, ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು.

"ಯಾ ಅಲ್ಲಾ! ಮನಿ ಕಟ್ಟಿದ್ರ ಚಲೋ ಇತ್ತು," ಅಂದಳು ಗಂಡನಿಗೆ. "ಬಳಿ ಎಲ್ಲಿ ಹೋದೂ ಅಂತಾದ್ರೂ ಗೊತ್ತಾಗತಿತ್ತು. ಊರ ಮಂದಿ ಕಡೆ ಬಾಯಿ ತಗದು ಕೇಳಾಕ ನಾಚಿಕಿ. ನನ್ನ ಕೈಯಾನ ಬಳಿ ಕೇಳುವಾಗ ಬರಲಿಲ್ಲೇನು ನಾಚಿಕಿ?"

ನೀಲಪ್ಪ ಚಹಾದ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ರೋಶನಬಿ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಕ್ಕಾರ, ಇಂಜಿನ್ ಇಲ್ದ ಲಾರಿ ಸುಮ್ನ ನಿಂತ್ರೂ ದುಡೀತು ಅಂತ ಬರದೀರಿ. ನಾ ಲಗ್ನ ಆಗಿ ಬಂದಾಗಿಂದ ಒಂದ ದಿನ ನಿಂತಿಲ್ಲ. ನನಗ ತಿಂಗಳಿಗೆ ಎಷ್ಟ ಹಿಡದೈತಿ ಸರ್ಕಾರ?"

"ಏನೂ ಹಿಡದಿಲ್ರಿ," ಅಂದೆ. ನನಗೆ ಬಹಳ ಕೆಡುಕೆನಿಸಿತು.

ಮನೆಗೆ ಬಂದವಳೇ ಕಾಯ್ದೆ ತಿರುವಿದೆ. ಒಂದು ದಾರಿ ಇತ್ತು. ಲಾರಿ ಪಾಲುದಾರಿಕೆ ಸಂಸ್ಥೆಯದಾದರೆ, ದುಡಿಯುವ ಪಾಲುದಾರರ ಸಂಬಳವನ್ನು ಆ ಅಂದಾಜು ಗಳಿಕೆಯಲ್ಲಿ ಕಳೆಯಲು ಬರುತ್ತದೆ. ಗಂಡ ಹೆಂಡತಿ ಪಾಲುದಾರರಾದರೆ ರೋಶನಬಿಯ ದುಡಿಮೆಗೂ ಕಾಗದದಲ್ಲಿ ಒಂದು ಸಂಬಳ ಬರುತ್ತದೆ ಎಂದು ಇಬ್ಬರನ್ನೂ ಕರೆಸಿ ಹೇಳಿದೆ. ಗಂಡ ಓಡಿಸಬೇಕು, ಹೆಂಡತಿ ಪಕ್ಕದಲ್ಲಿ ಕೂತು ಬಾಡಿಗೆ ವಸೂಲಿ ಮಾಡಬೇಕು.

"ನನಗ ಅವರು ಕಾಕಾನೂ ಅಲ್ಲ, ಮಾಮಾನೂ ಅಲ್ಲ," ಎಂದಳು ರೋಶನಬಿ. "ಕೇಳತೀನಿ."

ಬ್ಯಾಂಕಿನ ಸಾಲ ಬಂದು ಇಂಜಿನ್ ಕೂರಿಸಿದ ಮೇಲೆ ಮೊದಲ ಬಾಡಿಗೆ ನೀಲಪ್ಪನದೇ. ಅವನು ಅಭ್ಯಾಸದಂತೆ ಕುಂಬಳಕಾಯಿ ಎತ್ತಿಕೊಂಡು ಬಂದ. ರೋಶನಬಿ ಅದನ್ನು ತೆಗೆದುಕೊಂಡು, "ಇದು ಪ್ರೀತಿದು. ಈಗ ಬಾಡಿಗಿ ಕೊಡ್ರಿ," ಅಂದಳಂತೆ. ಅವನು ಬೆವರುತ್ತ ಕೊಟ್ಟನಂತೆ. ಆಕಾಶವೇನೂ ಕಳಚಿ ಬೀಳಲಿಲ್ಲ.

ಪಾಲುದಾರಿಕೆಯ ಪತ್ರಕ್ಕೆ ಸಹಿ ಹಾಕಲು ಇಬ್ಬರೂ ಅದೇ ಲಾರಿಯಲ್ಲಿ ಬಂದರು. ಸಾಬ ಇನ್ನೂ ಕ್ಯಾಬಿನ್ನಿನಲ್ಲೇ ಮಲಗುತ್ತಿದ್ದನೆಂದು ಅವನ ಅಂಗಿಗೆ ಅಂಟಿದ ಪುಕ್ಕ ಹೇಳುತ್ತಿತ್ತು. ರೋಶನಬಿ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು. ಆಕೆಯ ಸಂಬಳ ತಿಂಗಳಿಗೆ ಎಷ್ಟು ಬರೆಯಲಿ ಎಂದು ಕೇಳಿದೆ.

ದಸ್ತಗೀರಸಾಬ ಗಂಟಲು ಸರಿಮಾಡಿಕೊಂಡ. "ಲಾರಿಗೆ ಏಳೂವರೆ ಸಾವಿರ ಅಲ್ಲೇನ್ರಿ? ಇವರಿಗೆ ಅದಕ್ಕಿಂತ ಒಂದ ರೂಪಾಯಿ ಹೆಚ್ಚ ಬರೀರಿ."

"ಬುದ್ಧಿ ಐತೇನ್ರಿ ಸಾಬರ?" ರೇಗಿದೆ. "ಗಳಿಕೆಗಿಂತ ಸಂಬಳ ಹೆಚ್ಚಾದ್ರ ವರ್ಷಕ್ಕ ಹನ್ನೆರಡು ರೂಪಾಯಿ ಲುಕ್ಸಾನ!"

"ಆಗ್ಲಿ ಬಿಡ್ರಿ ಅಕ್ಕಾರ. ಅದನ್ನ ನಾ ಹೊಂದಸ್ತೀನಿ."

ಏಳು ಸಾವಿರದ ಐನೂರಾ ಒಂದು ಎಂದು ಬರೆದೆ. ರೋಶನಬಿ ಅದರ ಕೆಳಗೆ ನಿಧಾನವಾಗಿ ಸಹಿ ಮಾಡಿದಳು. ಪೆನ್ನನ್ನು ಮೇಜಿನ ಮೇಲಿಟ್ಟು, ಗಂಡನ ಹೆಗಲ ಮೇಲಿನ ಪುಕ್ಕ ತೆಗೆದಳು.

"ಇವತ್ತಿಂದ ಲಾರ್ಯಾಗ ಬರೇ ಕೋಳಿ ಮಲಗ್ಲಿ," ಅಂದಳು. "ನೀವು ಒಳಗ ಬರ್ರಿ."