ಬಿಳಿಗಲ್ಲು ದಾಟಿದ ಮೇಲೆ ಅಣಕವಿಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಾನಾ ಕಪೆಂಬ್ವಾ ಮೊಣಕಾಲಿಗೆ ಕೆಂಪು ಬಟ್ಟೆಯ ಪಟ್ಟಿ ಕಟ್ಟಿಕೊಂಡು, ಕೋಲು ಊರುತ್ತ ಹೊಳೆಗೆ ಇಳಿಯುತ್ತಾರೆ. ಇನ್ನೂರು ಹೆಜ್ಜೆ ಕೆಳಗೆ ಇದೇ ಹೊಳೆ ಜಲಪಾತವಾಗಿ ಬೀಳುತ್ತದೆ. ಪ್ರವಾಸಿಗರನ್ನು ಕರೆತರುವ ನಾನು ಹದಿಮೂರು ವರ್ಷದಿಂದ ಈ ದಡದಲ್ಲಿ ನಿಂತು ನೋಡುತ್ತಿದ್ದೇನೆ, ನನ್ನ ಭಯ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಜಲಪಾತ, ಕಾಡು ಎಂದು ಉತ್ತರ ಜಾಂಬಿಯಾ ಸುತ್ತುವ ಪ್ರವಾಸಿ ಗಾಡಿಗಳಿಗೆ ಹೊಳೆಯ ತಳದ ಈ ಬಂಡೆಹಾಸೇ ಸೇತುವೆ. ದಡದಿಂದ ದಡಕ್ಕೆ ಅರವತ್ತೆರಡು ಹೆಜ್ಜೆ, ದಿನಕ್ಕೆ ಏಳೆಂಟು ಗಾಡಿ. ಪ್ರತಿಯೊಂದರ ಮುಂದೆಯೂ ಆಕೆ ನಡೆದು ಆಳ ನೋಡಬೇಕು. ನೀರು ಪಟ್ಟಿ ಮುಟ್ಟಿದರೆ ಕೋಲನ್ನು ಅಡ್ಡ ಎತ್ತುತ್ತಾರೆ. ಆಗ ಯಾರೂ ದಾಟುವಂತಿಲ್ಲ.

ಇಂದಿನ ಚಾಲಕ ಮ್ವೆನ್ಯಾ ಮೊಸಳೆ ಕುಲದವನು, ಆಕೆ ಮೀನು ಕುಲ. ಈ ಎರಡು ಕುಲಗಳಿಗೆ ಹುಟ್ಟಿನಿಂದಲೇ ಅಣಕದ ನಂಟು. ಸಾವಿನ ಮನೆಯಲ್ಲೂ ಬಿಡುವುದಿಲ್ಲ, ಹೆಣದ ಮುಂದೆ ಆಡಿಕೊಂಡು ನಗುವುದೇ ಸತ್ತವರಿಗೆ ಮರ್ಯಾದೆ.

"ಏನಮ್ಮ ಮೀನೇ, ಉಪ್ಪು ಖಾರ ಹಚ್ಕೊಂಡೇ ಬರ್ಬಾರ್ದಿತ್ತಾ?"

"ಹಲ್ಲಿಲ್ಲದ ಮೊಸಳೆಗೆ ಮೀನ್ಯಾಕೋ? ಗಂಜಿ ಕುಡಿ ಹೋಗು."

ಹತ್ತನೇ ಹೆಜ್ಜೆಗೆ ಒಂದು ಬಿಳಿಗಲ್ಲು. ಅದನ್ನು ಆಕೆ ದಾಟಿದ್ದೇ ಇಬ್ಬರೂ ಬಾಯಿ ಮುಚ್ಚುತ್ತಾರೆ.

ಈ ನಿಯಮ ಆಕೆಯದೇ. ಮೊದಲು ಈ ಕೆಲಸ ಗಂಡ ನ್ಸೋಫ್ವಾನದು, ಅವನೂ ಮೊಸಳೆ ಕುಲ. ಒಂದು ಬೆಳಿಗ್ಗೆ ಅವನು ನಡುಹೊಳೆಯಲ್ಲಿದ್ದಾಗ, ಮೇಲಿನಿಂದ ಪ್ರವಾಹದ ಕೆಂಪು ನೀರು ಬರುವುದನ್ನು ಆಕೆ ದಡದಿಂದ ಕಂಡರು. ಆಕೆಯೇ ಒಮ್ಮೆ ಹೇಳಿದ್ದು:

"ವಾಪಸ್ ಬಾರೋ, ಹೊಳೆ ನಿನ್ನ ನುಂಗತ್ತೆ ಅಂತ ಕೂಗಿದೆ. ಹತ್ತೊಂಬತ್ತು ವರ್ಷ ಸಂಸಾರದಲ್ಲಿ ದಿನಾ ನಾನು ಅದನ್ನೇ ಅಂತಿದ್ದೆನಲ್ಲ. ಅಣಕ ಅಂದ್ಕೊಂಡು ನಕ್ಕ, ಕೈ ಬೀಸ್ದ. ಅಷ್ಟೇ."

ಮರುದಿನದಿಂದ ಕೋಲು ಹಿಡಿದವರು ಈಕೆ.

ನಲವತ್ತನೇ ಹೆಜ್ಜೆಯಲ್ಲಿ ನಿಲ್ಲುತ್ತಾರೆ. ಪಟ್ಟಿ ಒದ್ದೆಯಾಗಿದೆ. ಕೋಲು ಅಡ್ಡ ಏಳುತ್ತದೆ.

"ಇಷ್ಟೇ ನೀರಿಗಾ? ಎರಡು ದಿನ ಗಾಡೀಲಿ ಕೂತು ಬಂದಿದೀವಿ ನಾವು," ಎಂದು ಹಿಂದಿನ ಸೀಟಿನ ಪ್ರವಾಸಿ ಗೊಣಗುತ್ತಾನೆ. ಮ್ವೆನ್ಯಾ ದಡದಲ್ಲಿ ನಿಂತಿದ್ದ ಗಾಡಿಯನ್ನು ಹಿಂದಕ್ಕೆ ತೆಗೆಯುತ್ತಾನೆ.

ಆಕೆ ಮರಳುವ ಒಂದೊಂದು ಹೆಜ್ಜೆಯನ್ನೂ ಎಣಿಸುತ್ತೇನೆ. ಬಿಳಿಗಲ್ಲು ತಲುಪುವಷ್ಟರಲ್ಲಿ ಬೇರುಸಹಿತ ಒಂದು ಮರ, ಆಕೆ ನಿಂತಿದ್ದ ಜಾಗದ ಮೇಲೆಯೇ ಹಾದು ಕೆಳಗೆ ಹೋಗುತ್ತದೆ. ಜಲಪಾತದ ಮೊರೆತದಲ್ಲಿ ಅದು ಬಿದ್ದ ಸದ್ದೂ ಕೇಳುವುದಿಲ್ಲ.

ದಡಕ್ಕೆ ಬಂದು ಪಟ್ಟಿ ಹಿಂಡುವ ಆಕೆಯನ್ನು ಕೇಳುತ್ತೇನೆ: ಭಯವಾಗುವುದಿಲ್ಲವೇ?

"ಆಗದೆ ಏನು? ದಿನಾ ಆಗತ್ತೆ. ನಂದೊಂದೇ ಆಸೆ. ಹಾಸಿಗೇಲಿ ಸಾಯ್ಬೇಕು. ಈ ಮ್ವೆನ್ಯಾ, ಅವನ ಕುಲದೋರು ಎಲ್ಲ ಬಂದು ನನ್ನ ಹೆಣದ ಮುಂದೆ ಹೊಟ್ಟೆ ತುಂಬ ಆಡ್ಕೊಂಡು ನಗ್ಬೇಕು. ನನ್ ಗಂಡನ್ನ ಆಡ್ಕೊಳ್ಳೋಣ ಅಂತ ನಮ್ಮೋರೂ ಬಂದಿದ್ರು. ಹೆಣಾನೇ ಸಿಗ್ಲಿಲ್ಲ."